ಮನೆಗೆ ಕಳಿಸುವಾಗಿನ ಲೆಕ್ಕ

ಕುರ್ಡುವಾಡಿಯಿಂದ ಪಂಢರಪುರ, ಸಾಂಗೋಲೆ, ಜತ್ ರೋಡ್ ಮಾರ್ಗವಾಗಿ ಮಿರಜಿನವರೆಗೂ, ಇನ್ನೊಂದು ದಿಕ್ಕಿನಲ್ಲಿ ಬಾರ್ಶಿಯ ಮೇಲೆ ಲಾತೂರಿನವರೆಗೂ ಓಡುತ್ತಿದ್ದ ಎರಡೂವರೆ ಅಡಿ ಹಳಿಯ ಸಣ್ಣ ರೈಲನ್ನು ನಮ್ಮ ಸೀಮೆಯ ಹಿರಿಯರು ಇನ್ನೂ ಮರೆತಿಲ್ಲ. ಆಷಾಢ ಏಕಾದಶಿಗೆ ವಿಠ್ಠಲನ ದರ್ಶನಕ್ಕೆಂದು ಬುತ್ತಿಯ ಗಂಟು ಕಟ್ಟಿಕೊಂಡು ಹೊರಟವರು ಅದರಲ್ಲಿ ಒತ್ತಾಗಿ ಕುಳಿತು ಹೋದ ಕಥೆಗಳನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆ ಹಳಿಯೀಗ ಇಲ್ಲ. ದೊಡ್ಡ ಹಳಿ ಬಂದಿದೆ. ಆದರೆ ಬಾರ್ಶಿ ಲೈಟ್ ರೈಲ್ವೆ ಎಂಬ ಹೆಸರು ಯಾತ್ರಿಕರ ನೆನಪಿನಲ್ಲಿ ಮಾತ್ರವಲ್ಲ, ನಮ್ಮ ದೇಶದ ಕಾರ್ಮಿಕ ಕಾನೂನಿನ ಚರಿತ್ರೆಯಲ್ಲಿಯೂ ಉಳಿದುಕೊಂಡಿದೆ ಎಂಬ ಸಂಗತಿ ಬಹಳ ಮಂದಿಗೆ ತಿಳಿದಿರಲಾರದು.

ಖಾಸಗೀ ಕಂಪನಿಯೊಂದರ ಕೈಯಲ್ಲಿದ್ದ ಆ ಮಾರ್ಗವನ್ನು ಸರಕಾರವು 1954ರ ಜನವರಿ 1ರಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ಅದಕ್ಕೆ ಮುಂಚೆ, 1953ರ ನವೆಂಬರಿನಲ್ಲಿ, ಕಂಪನಿಯು ನೋಟೀಸು ಹೊರಡಿಸಿ ಡಿಸೆಂಬರ್ 31ಕ್ಕೆ ಎಲ್ಲ ನೌಕರರ ಸೇವೆಯೂ ಮುಗಿಯುವುದೆಂದು ಸಾರಿತು. ಬಹುಪಾಲು ಜನರನ್ನು ಸರಕಾರೀ ರೈಲ್ವೆ ಮತ್ತೆ ಸೇರಿಸಿಕೊಂಡಿತಾದರೂ ಕೆಲವರ ಸಂಬಳದ ಶ್ರೇಣಿ ಇಳಿಯಿತು. ಕೆಲವರು ಹೊಸ ಚಾಕರಿಯನ್ನು ಒಪ್ಪದೆ ಹೊರನಡೆದರು. ನೌಕರಿ ಕಡಿತಕ್ಕೆ ಒಳಗಾದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಪರಿಹಾರ ಕೊಡಬೇಕೆಂಬ ವಿಧಿ ಅದೇ ಅಕ್ಟೋಬರ್ 24ರಿಂದ ಜಾರಿಗೆ ಬಂದಿತ್ತು. ನಮ್ಮನ್ನು ತೆಗೆದಿದ್ದೀರಿ, ಪರಿಹಾರ ಕೊಡಿರಿ ಎಂದು ನೌಕರರ ಸಂಘ ಕೇಳಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

1956ರ ನವೆಂಬರ್ 27ರಂದು ಬಂದ ತೀರ್ಪು ಹೀಗಿತ್ತು: ‘ಕಡಿತ’ ಎಂದರೆ ನಡೆಯುತ್ತಿರುವ ಉದ್ಯಮದಲ್ಲಿ ಹೆಚ್ಚಾದ ಕೆಲಸಗಾರರನ್ನು ತೆಗೆಯುವುದು, ಉದ್ಯಮವೇ ನಿಂತುಹೋದರೆ, ಅಥವಾ ಇನ್ನೊಬ್ಬರ ಕೈಗೆ ಹೋದರೆ, ಅದು ಕಡಿತವಲ್ಲ. ಆದುದರಿಂದ ಪರಿಹಾರವಿಲ್ಲ.

ಹತ್ತು ಮಂದಿಯಲ್ಲಿ ಇಬ್ಬರನ್ನು ತೆಗೆದರೆ ಪರಿಹಾರ ಉಂಟು, ಹತ್ತೂ ಮಂದಿಯನ್ನು ತೆಗೆದರೆ ಇಲ್ಲ ಎಂಬ ಈ ವಿಪರೀತವನ್ನು ಸಂಸತ್ತು ಹಾಗೆಯೇ ಬಿಡಲಿಲ್ಲ. 1957ರಲ್ಲಿ ತಿದ್ದುಪಡಿ ತಂದು, ಉದ್ಯಮ ಮುಚ್ಚಿದಾಗಲೂ, ಕೈ ಬದಲಾದಾಗಲೂ ಪರಿಹಾರ ಸಲ್ಲಬೇಕೆಂದು ವಿಧಿಸಿತು. ಕೈ ಬದಲಾದರೂ ಕೆಲಸ ಮುರಿಯದೆ, ಷರತ್ತು ಕೆಡದೆ, ಹಿಂದಿನ ಸೇವೆಯನ್ನು ಹೊಸ ಧಣಿ ಎಣಿಸಲು ಒಪ್ಪಿದರೆ ಮಾತ್ರ ಪರಿಹಾರ ಬೇಕಿಲ್ಲ. ಆದರೆ ಈ ತಿದ್ದುಪಡಿ ಯಾವಾಗಿನಿಂದ ಜಾರಿಯಾಯಿತು? 1956ರ ನವೆಂಬರ್ 28ರಿಂದ. ತೀರ್ಪಿನ ಮರುದಿನದಿಂದ! 1953ರಲ್ಲಿ ಮನೆಗೆ ಹೋಗಿದ್ದ ಬಾರ್ಶಿ ರೈಲಿನವರಿಗೆ, ತಮ್ಮ ವ್ಯಾಜ್ಯದಿಂದಲೇ ಹುಟ್ಟಿದ ಆ ಕಾನೂನು ದಕ್ಕಲಿಲ್ಲ. ಅಂದಿನಿಂದ ಇಂದಿನವರೆಗೆ ಮುಚ್ಚಿದ ಗಿರಣಿಗಳ ಬಾಗಿಲಲ್ಲಿ ಪರಿಹಾರ ಪಡೆದವರೆಲ್ಲ ಅವರ ಋಣದಲ್ಲಿದ್ದಾರೆ.

ಸೊಲ್ಲಾಪುರದವರಿಗೆ ಇದು ದೂರದ ಮಾತಲ್ಲ. ಅಲ್ಲಿಯ ಹಳೆಯ ಗಿರಣಿ, ಜನ ‘ಜೂನಿ ಮಿಲ್’ ಎನ್ನುತ್ತಿದ್ದ ಸೋಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಕಂಪನಿ, 1949ರಲ್ಲಿ ಬಾಗಿಲು ಹಾಕಿದಾಗ ಪರಿಹಾರದ ವಿಧಿಯೇ ಹುಟ್ಟಿರಲಿಲ್ಲ. 1950ರಲ್ಲಿ ಸರಕಾರ ಅದೊಂದೇ ಗಿರಣಿಗಾಗಿ ಕಾಯಿದೆ ಮಾಡಿ ಆಡಳಿತವನ್ನು ವಹಿಸಿಕೊಂಡಾಗ, ಕೊಟ್ಟ ಕಾರಣಗಳಲ್ಲಿ ಕೆಲಸಗಾರರ ನಿರುದ್ಯೋಗವೂ ಒಂದಾಗಿತ್ತು.

ಈ ಅಂಕಣದಲ್ಲಿ ಸಾಮಾನ್ಯವಾಗಿ ಮಕ್ಕಳ ಓದು, ಶಾಲೆ, ವಿದ್ಯಾರ್ಥಿವೇತನ ಮುಂತಾದುವನ್ನು ಕುರಿತು ಬರೆಯುವ ನಾನು ಈ ತಿಂಗಳು ಕಾನೂನಿನ ಹೊಲಕ್ಕೆ ಕಾಲಿಟ್ಟುದಕ್ಕೆ ಕಾರಣವಿದೆ. ಕಳೆದ ಸಂಕ್ರಾಂತಿಯ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಬಳಿಕ ಪಟ್ಟಣದ ನೇಯ್ಗೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದವನು. ಕೈಯಲ್ಲಿ ಮರಾಠಿಯಲ್ಲಿ ಟೈಪು ಮಾಡಿದ ಒಂದು ಹಾಳೆ.

“ಸರ, ಮಗ್ಗ ಕಡಿಮಿ ಮಾಡಾಕತ್ತಾರ. ನಾಳಿಗೆ ಇದರ ಮ್ಯಾಲ ಸಹಿ ಮಾಡಂದಾರ. ಮಾಡಿದ್ರ ಒಂದು ಲಕ್ಷ ಇಪ್ಪತ್ತೈದು ಸಾವಿರ ಕೊಡ್ತಾರಂತ. ಏನ ಬರದಾರ ನೋಡ್ರಿ.”

ನೋಡಿದೆ. ‘ನಾನು ಸ್ವಸಂತೋಷದಿಂದ ರಾಜೀನಾಮೆ ನೀಡುತ್ತಿದ್ದೇನೆ, ನನಗೆ ಬರತಕ್ಕ ಎಲ್ಲ ಹಣವೂ ಮುಟ್ಟಿದೆ, ಮುಂದೆ ಯಾವ ಹಕ್ಕನ್ನೂ ಸಾಧಿಸುವುದಿಲ್ಲ’ ಎಂಬುದು ಅದರ ತಾತ್ಪರ್ಯ. “ನೀ ಸಂತೋಷದಿಂದ ಬಿಡಾಕತ್ತೀಯೇನೋ?” ಎಂದು ಕೇಳಿದೆ. “ಎಲ್ಲೀ ಸಂತೋಷ ಸರ, ಎರಡು ಹುಡುಗ್ರು ಸಾಲಿಗೆ ಹೋಗ್ತಾವ” ಎಂದ.

ಬಾರ್ಶಿಯ ರೈಲಿನವರ ಅನ್ನ ಸಿಕ್ಕಿಬಿದ್ದದ್ದು ‘ಕಡಿತ’ ಎಂಬ ಒಂದು ಪದದ ಅರ್ಥದಲ್ಲಿ. ಇವನದು ‘ರಾಜೀನಾಮೆ’ ಎಂಬ ಪದದಲ್ಲಿ. ತಾನಾಗಿಯೇ ಬಿಟ್ಟುಹೋದವನಿಗೆ ಕಡಿತದ ಪರಿಹಾರವಿಲ್ಲ. ಧಣಿ ತೆಗೆದುಹಾಕಿದವನಿಗೆ ಉಂಟು. ಒಬ್ಬ ಮನುಷ್ಯನನ್ನು ಯಾವ ಹೆಸರಿನಿಂದ ಮನೆಗೆ ಕಳಿಸುತ್ತಾರೆ ಎಂಬುದರ ಮೇಲೆ ಅವನಿಗೆ ಸಲ್ಲುವ ಹಣ ನಿಂತಿದೆ. ಈ ಮಾತನ್ನು ನಮ್ಮ ಮನೆಗಳಲ್ಲಿ ಗಂಡಸರಷ್ಟೇ ಅಲ್ಲ, ಹೆಂಗಸರೂ ತಿಳಿದಿರಬೇಕು. ಸಹಿ ಹಾಕುವ ಹಿಂದಿನ ರಾತ್ರಿ ಮಾತು ನಡೆಯುವುದು ಅಡಿಗೆಯ ಮನೆಯಲ್ಲಿಯೇ ತಾನೆ!

ಕರಿಹಲಗೆಯ ಅಭ್ಯಾಸ ಬಿಡದ ನಾನು ಅಂದು ಅವನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ವಾಚಕರು ತಮ್ಮ ಅಂಕಿಗಳನ್ನಿಟ್ಟು ಹೀಗೆಯೇ ಮಾಡಿ ನೋಡಬಹುದು. ಅವನ ಸೇವೆ 11 ವರ್ಷ 7 ತಿಂಗಳು. ಮೂಲ ಸಂಬಳ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000 ರೂಪಾಯಿ. ಆರು ತಿಂಗಳಿಗಿಂತ ಹೆಚ್ಚಾದ ತುಂಡು ವರ್ಷವನ್ನು ಪೂರ್ಣ ವರ್ಷವೆಂದೇ ಎಣಿಸಬೇಕಾದುದರಿಂದ 12 ವರ್ಷ. ಕಡಿತದ ಪರಿಹಾರ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ತಿಂಗಳ ಸಂಬಳದವರಿಗೆ ಹಿಂದಿನ ಮೂರು ಪೂರ್ಣ ತಿಂಗಳುಗಳ ಸರಾಸರಿಯನ್ನು ಹಿಡಿಯುತ್ತಾರೆ. ಹದಿನೈದು ದಿನವೆಂದರೆ ಅದರ ಅರ್ಧ ಎಂದು 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ 9,000ವನ್ನು 12ರಿಂದ ಗುಣಿಸಿದರೆ 1,08,000.

ಇದು ಗ್ರಾಚ್ಯುಟಿಯಲ್ಲ. ಗ್ರಾಚ್ಯುಟಿ ಬೇರೆಯೇ ಒಂದು ಹಕ್ಕು. ಒಂದು ಕೊಟ್ಟರೆ ಇನ್ನೊಂದು ತೀರುವುದಿಲ್ಲ. 1972ರ ಕಾಯಿದೆಯಿಂದ ಬಂದ ಅದರ ಸೂತ್ರದಲ್ಲಿ ತಿಂಗಳನ್ನು 26 ದಿನವೆಂದು ಹಿಡಿಯುತ್ತಾರೆ. 18,000ವನ್ನು 26ರಿಂದ ಭಾಗಿಸಿ, 15ರಿಂದಲೂ 12ರಿಂದಲೂ ಗುಣಿಸಿದರೆ 1,24,615 ರೂಪಾಯಿ ಚಿಲ್ಲರೆ. ಒಂದು ತಿಂಗಳ ಮುನ್ಸೂಚನೆ ಕೊಡದೆ ಇದ್ದರೆ ಅದಕ್ಕೆ ಬದಲಾಗಿ 18,000. ಇದಲ್ಲದೆ, ಕಡಿತಕ್ಕೆ ಒಳಗಾದವರು ಬೇರೆ ಕಸಬು ಕಲಿಯಲೆಂದು ಧಣಿಯು ನಿಧಿಯೊಂದಕ್ಕೆ 15 ದಿನದ ಸಂಬಳ ಕಟ್ಟಬೇಕೆಂದೂ, 45 ದಿನಗಳೊಳಗೆ ಅದು ಕೆಲಸಗಾರನ ಖಾತೆಗೆ ಜಮೆಯಾಗಬೇಕೆಂದೂ ಹೊಸ ಸಂಹಿತೆಯಲ್ಲಿದೆ. ಅದು 9,000. ಒಟ್ಟು 2,59,615. ಬಳಸದೆ ಉಳಿದ ರಜೆಯ ಹಣ, ಬೋನಸ್ಸು ಇದರ ಹೊರಗೆ. ಭವಿಷ್ಯನಿಧಿಯಂತೂ ಅವನದೇ ಗಂಟು. ಅದನ್ನು ‘ನಾವು ಕೊಡುತ್ತೇವೆ’ ಎಂದು ಯಾರೂ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಈಗ ನೋಡಿ: ‘ಎಲ್ಲಾ ಸೇರಿ’ ಎಂದು ಮುಂದಿಟ್ಟ 1,25,000 ರೂಪಾಯಿ ಬರೀ ಗ್ರಾಚ್ಯುಟಿಯ ಮೊತ್ತಕ್ಕೆ ಸರಿಹೋಯಿತು. ರಾಜೀನಾಮೆ ಕೊಟ್ಟರೂ ಅದು ಬರತಕ್ಕದ್ದೇ. ಅಂದರೆ ಆ ಸಹಿಗೆ ಅವನಿಗೆ ಸಿಗುತ್ತಿದ್ದ ಬೆಲೆ ನಾನೂರು ರೂಪಾಯಿಯೂ ಅಲ್ಲ.

ಹುಡುಗ ಮರುದಿನ ಸಹಿ ಮಾಡಲಿಲ್ಲ. ಬಾಬ್ತುವಾರು ಲೆಕ್ಕ ಕೊಡಿರೆಂದು ಒಂದು ಅರ್ಜಿ ಬರೆದುಕೊಟ್ಟು, ಅದರ ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ. ಮೂರು ವಾರಗಳ ಹಗ್ಗಜಗ್ಗಾಟದ ಬಳಿಕ ‘ರಾಜೀನಾಮೆ’ ಹೋಗಿ ‘ಕಡಿತ’ ಬಂತು. ಹಣವನ್ನು ಎರಡು ಕಂತಿನಲ್ಲಿ ಕೊಡುತ್ತೇವೆಂದಿದ್ದಾರೆ. ಎರಡನೆಯದು ಇದನ್ನು ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ. ವಾಸ್ತವದಲ್ಲಿ ಕಂತಿನ ಮಾತಿಗೇ ಅವಕಾಶವಿಲ್ಲ. ಕಡಿತದ ಪರಿಹಾರವನ್ನು ತೆಗೆಯುವ ಗಳಿಗೆಯಲ್ಲಿಯೇ ಕೊಟ್ಟಿರಬೇಕು. ಕೊಡದಿದ್ದರೆ ಆ ಕಡಿತವೇ ಅಸಿಂಧು ಎಂದು 1960ರಲ್ಲಿಯೇ ಮುಂಬಯಿಯ ಆಸ್ಪತ್ರೆ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ.

ಕಾನೂನಿನ ಹೆಸರುಗಳು ಈಚೆಗೆ ಬದಲಾದುದನ್ನು ಇಲ್ಲಿ ಹೇಳಿಬಿಡಬೇಕು. ಎಪ್ಪತ್ತೆಂಟು ವರ್ಷ ನಡೆದುಬಂದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದಕ್ಕೆ ಮುಂಚೆ ಕೆಲಸ ಕಳೆದುಕೊಂಡವರ ಹಕ್ಕು ಹಳೆಯ ಕಾಯಿದೆಯ ಮೇಲೆ ನಿಂತಿದೆ. ಕಡಿತಕ್ಕೂ ಮುಚ್ಚುವುದಕ್ಕೂ ಮೊದಲು ಸರಕಾರದ ಅಪ್ಪಣೆ ಪಡೆಯಬೇಕಾದ ಕಾರ್ಖಾನೆಗಳ ಮಿತಿ 1976ರಲ್ಲಿ 300 ಕೆಲಸಗಾರರೆಂದಿತ್ತು, ಆಮೇಲೆ 100ಕ್ಕೆ ಇಳಿಯಿತು, ಈಗ ಮತ್ತೆ 300ಕ್ಕೆ ಏರಿದೆ. ನಮ್ಮವರು ದುಡಿಯುವ ಕಾರ್ಖಾನೆಗಳಲ್ಲಿ ಹೆಚ್ಚಿನವು ಅದರ ಕೆಳಗಿನವು. ಆದರೆ ಅಪ್ಪಣೆ ಬೇಡವೆಂದ ಮಾತ್ರಕ್ಕೆ ಪರಿಹಾರವೂ ಬೇಡವೆಂದಲ್ಲ. ಇಪ್ಪತ್ತು ಮಂದಿಯ ಕಾರ್ಖಾನೆಯೂ ಒಂದು ತಿಂಗಳ ಸಕಾರಣ ನೋಟೀಸನ್ನಾಗಲಿ ಅದರ ಬದಲಿನ ಸಂಬಳವನ್ನಾಗಲಿ, ಜೊತೆಗೆ ಪರಿಹಾರವನ್ನೂ ಕೊಡತಕ್ಕದ್ದು. ‘ನಮ್ಮದು ಸಣ್ಣ ಘಟಕ, ನಮಗೆ ಅದು ಅನ್ವಯಿಸುವುದಿಲ್ಲ’ ಎಂಬ ಮಾತು ಎಲ್ಲ ಪೇಟೆಗಳಲ್ಲಿಯೂ ಕೇಳಿಬರುತ್ತದೆ, ಅದು ನಿಜವಲ್ಲ.

1953ರಲ್ಲಿ ಗೊತ್ತುಮಾಡಿದ ಹದಿನೈದು ದಿನದ ದರ ಇಂದಿಗೂ ಹದಿನೈದೇ ದಿನವಾಗಿ ನಿಂತಿರುವುದು ನನಗಂತೂ ಸರಿಕಾಣುವುದಿಲ್ಲ. ಸರಕಾರವು ಬೇರೆ ದರವನ್ನು ಪ್ರಕಟಿಸಲು ಹೊಸ ಸಂಹಿತೆಯಲ್ಲಿ ಎಡೆಯಿದೆ ಎನ್ನುವುದಷ್ಟೇ ಸಮಾಧಾನ. ಹಳ್ಳಿಗೆ ಹಿಂದಿರುಗಿದ ನಲವತ್ತೈದರ ಮನುಷ್ಯನಿಗೆ ಇನ್ನೊಂದು ನೌಕರಿ ಸಿಗಲು ಎಷ್ಟು ಕಾಲ ಹಿಡಿಯುತ್ತದೆಂದು ಅವನ ಮಕ್ಕಳಿಗೆ ಪಾಠ ಹೇಳುವ ನಮ್ಮಂಥವರಿಗೆ ಗೊತ್ತು. ಶಾಲೆಯ ಹಾಜರಿಯಲ್ಲಿ ಮೊದಲು ತಪ್ಪುವುದು ಅಂಥ ಮನೆಯ ಹುಡುಗಿಯ ಹೆಸರು.

ಪರಿಹಾರಕ್ಕೆ ಅರ್ಹತೆ ಒಂದು ವರ್ಷದ ಸತತ ಸೇವೆ. ಅಂದರೆ ಹನ್ನೆರಡು ತಿಂಗಳಲ್ಲಿ 240 ದಿನ. ಇಲ್ಲಿಯೇ ಹಾಜರಿ ಪುಸ್ತಕದ ಕೈಚಳಕ ನಡೆಯುವುದು. ಭಾನುವಾರಗಳನ್ನೂ ಸಂಬಳಸಹಿತ ರಜೆಗಳನ್ನೂ ಈ 240ರಲ್ಲಿ ಸೇರಿಸಬೇಕೆಂದು 1985ರಲ್ಲಿ ತೀರ್ಪಾಗಿದೆ. ಕೆಲಸದ ಮೇಲೆ ಪೆಟ್ಟಾಗಿ ಮನೆಯಲ್ಲಿ ಮಲಗಿದ ದಿನಗಳೂ, ಕೆಲಸವಿಲ್ಲವೆಂದು ಧಣಿಯೇ ಕೂರಿಸಿದ ದಿನಗಳೂ, 26 ವಾರಗಳವರೆಗಿನ ಹೆರಿಗೆಯ ರಜೆಯೂ ಸೇರುತ್ತವೆ. ಬಾಣಂತನಕ್ಕೆ ಹೋಗಿಬಂದ ಸೊಸೆಗೆ ‘ನಿನ್ನ ಸೇವೆ ಮುರಿದಿದೆ’ ಎಂದರೆ ಒಪ್ಪಬೇಕಾದುದಿಲ್ಲ.

ಯಾರನ್ನು ಮೊದಲು ಕಳಿಸಬೇಕೆಂಬುದಕ್ಕೂ ನೀತಿಯುಂಟು. ಒಂದೇ ವರ್ಗದ ಕೆಲಸದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕಡೆಗೆ ಬಂದವನು ಮೊದಲು ಹೋಗತಕ್ಕದ್ದು. ಈ ಕ್ರಮ ತಪ್ಪಿಸಬೇಕಾದರೆ ಧಣಿಯು ಕಾರಣವನ್ನು ಬರೆದಿಡಬೇಕು. ಹೆಚ್ಚು ಪಗಾರದ ಹಳಬರನ್ನು ಕಳೆದು ಕಡಿಮೆ ಪಗಾರದ ಹೊಸಬರನ್ನು ಉಳಿಸಿಕೊಳ್ಳುವ ಚಾಳಿಗೆ ಇದೇ ಅಡ್ಡಗೋಡೆ. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೇ ಮೊದಲ ಅವಕಾಶ; ಹಳೆಯ ಕಾಯಿದೆಯಲ್ಲಿ ಈ ವರ್ಷದ ಗಡುವೂ ಇರಲಿಲ್ಲ.

ಸಂಬಳದ ಚೀಟಿಯನ್ನು ಹರಿದು ಹಂಚಿದಂತೆ ಬರೆಯುವ ಪದ್ಧತಿಯೊಂದಿದೆ: 22,000ದಲ್ಲಿ ಮೂಲ ಸಂಬಳ 8,000, ಉಳಿದುದೆಲ್ಲ ಬಗೆಬಗೆಯ ಭತ್ಯೆ. ಪರಿಹಾರದ ಕಾಲಕ್ಕೆ 8,000ವನ್ನೇ ಸಂಬಳವೆನ್ನುವುದು ಇದರ ಗುಟ್ಟು. ಹೊಸ ಸಂಹಿತೆಗಳಲ್ಲಿ ಇದಕ್ಕೆ ಒಂದು ಮದ್ದು ಇದೆ. ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟಿನ ಅರ್ಧವನ್ನು ಮೀರಿದರೆ ಮೀರಿದ ಭಾಗ ಸಂಬಳಕ್ಕೆ ಸೇರುತ್ತದೆ. ಮೇಲಿನ ಉದಾಹರಣೆಯಲ್ಲಿ ಸಂಬಳವನ್ನು 11,000ವೆಂದು ಹಿಡಿಯಬೇಕು.

ಇನ್ನು ಕರಾರಿನ ನೌಕರಿ. ಗೊತ್ತಾದ ಅವಧಿಗೆಂದೇ ಲಿಖಿತವಾಗಿ ಸೇರಿಸಿಕೊಂಡು, ಅವಧಿ ಮುಗಿದಾಗ ಬಿಡಿಸಿದರೆ ಅದು ಕಡಿತವಲ್ಲ. ಆದರೆ ಹೊಸ ಕಾನೂನಿನಂತೆ ಅಂಥವರಿಗೆ ಒಂದು ವರ್ಷದ ಸೇವೆಯಾದರೂ ಗ್ರಾಚ್ಯುಟಿ ಬರುತ್ತದೆ, ಐದು ವರ್ಷ ಕಾಯಬೇಕಿಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು 18,000ಕ್ಕಿಂತ ಹೆಚ್ಚು ಸಂಬಳ ಪಡೆಯುವವರು ‘ಕೆಲಸಗಾರ’ರ ವ್ಯಾಖ್ಯೆಯ ಹೊರಗೆ. ಹಾಗೆಂದು ಮಗ್ಗದ ಮುಂದೆಯೇ ನಿಲ್ಲುವವನಿಗೆ ಸೂಪರ್‌ವೈಜರ್ ಎಂಬ ಹೆಸರು ಕೊಟ್ಟ ಮಾತ್ರಕ್ಕೆ ಅವನು ಹೊರಗಾಗುವುದಿಲ್ಲ. ನ್ಯಾಯಾಲಯಗಳು ನೋಡುವುದು ಮಾಡುವ ಕೆಲಸವನ್ನು, ಬಾಗಿಲ ಮೇಲಿನ ಹಲಗೆಯನ್ನಲ್ಲ. ನಾವು ಮಾಸ್ತರರಂತೂ ಮೊದಲಿನಿಂದಲೂ ಹೊರಗಿನವರೇ. ಗೋವೆಯ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಪಾಠ ಹೇಳುವುದು ಪವಿತ್ರ ಕಾರ್ಯವಾದುದರಿಂದ ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ಕೆಲಸಗಾರರಲ್ಲವೆಂದಿತು. ಪಾವಿತ್ರ್ಯದಿಂದ ಕಿರಾಣಿ ಅಂಗಡಿಯ ಬಾಕಿ ತೀರದು ಎಂಬುದು ಬೇರೆ ಮಾತು! ಗ್ರಾಚ್ಯುಟಿಯ ಹಕ್ಕಾದರೂ ನಮ್ಮವರಿಗೆ 2009ರ ತಿದ್ದುಪಡಿಯಿಂದ, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ, ಬಂತು.

ತಕರಾರು ಇದ್ದರೆ ಜಿಲ್ಲೆಯ ಕಾರ್ಮಿಕ ಕಚೇರಿಯ ಸಂಧಾನಾಧಿಕಾರಿಯ ಮುಂದೆ ಹೋಗಬೇಕು. ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಅವರು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಗಡಿನಾಡಿನ ನಮ್ಮ ಜನ ಸೋಲುವುದು ಬಹುವಾಗಿ ಇಲ್ಲಿ. ಕಾಗದ ಮರಾಠಿಯಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಓದಲು ಬಾರದೆಂದು ಹೇಳಿಕೊಳ್ಳಲು ನಾಚಿಕೆ, ಯಾರನ್ನಾದರೂ ಕೇಳೋಣವೆನ್ನುವಷ್ಟರಲ್ಲಿ ಸುಗ್ಗಿ, ಜಾತ್ರೆ, ಮದುವೆ, ಕಾಲ ಸರಿದುಹೋಗುತ್ತದೆ. ನೇಮಕದ ಪತ್ರ, ಪಗಾರದ ಚೀಟಿ, ಹಾಜರಿಯ ಕಾರ್ಡು, ಭವಿಷ್ಯನಿಧಿಯ ವಿವರ, ವಿಮೆಯ ಚೀಟಿ, ಇವಿಷ್ಟನ್ನು ಹೊಲದ ಉತಾರೆಯ ಜೊತೆಗೆ ಒಂದೇ ಪೆಟ್ಟಿಗೆಯಲ್ಲಿಡಿರಿ. ಸಂಬಳ ಕೈಗೇ ಬರುವುದಾದರೆ ಹಳೆಯ ಡೈರಿಯಲ್ಲಿ ದಿನ, ಪಾಳಿ, ಹಣ ಬರೆದಿಡಿರಿ. ಹತ್ತನೆಯ ತರಗತಿಯ ಮಗಳು ಈ ಕೆಲಸವನ್ನು ಅಪ್ಪನಿಗಿಂತ ಅಚ್ಚುಕಟ್ಟಾಗಿ ಮಾಡಬಲ್ಲಳು.

ಧಣಿಗಳೂ ಈ ಪತ್ರಿಕೆಯನ್ನು ಓದುತ್ತಾರೆ. ಹದಿನಾಲ್ಕು ಮಂದಿಯನ್ನಿಟ್ಟುಕೊಂಡು ಟವೆಲು ನೇಯಿಸುವ ಪರಿಚಿತರೊಬ್ಬರು, ನೂಲಿನ ಬೆಲೆ ಏರಿ ವ್ಯಾಪಾರ ಕುಸಿದಿದೆ, ಮುಚ್ಚುವುದಾದರೆ ನಾನೇನು ಮಾಡಬೇಕು, ನನ್ನ ಹತ್ತಿರವೂ ದುಡ್ಡಿಲ್ಲವಲ್ಲ ಎಂದು ಕೇಳಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಅವರಿಗೆ ಸರಕಾರದ ಅಪ್ಪಣೆ ಬೇಕಿಲ್ಲ. ಐವತ್ತಕ್ಕಿಂತ ಕಡಿಮೆ ಜನವಿರುವುದರಿಂದ ಮುಚ್ಚುವುದಕ್ಕೆ ಸರಕಾರಕ್ಕೆ ಅರವತ್ತು ದಿನದ ನೋಟೀಸೂ ಬೇಕಿಲ್ಲ. ಪರಿಹಾರ ಮಾತ್ರ ತಪ್ಪದು. ಧಣಿಯ ಕೈಮೀರಿದ, ಅನಿವಾರ್ಯ ಕಾರಣದಿಂದ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸರಾಸರಿ ಸಂಬಳವನ್ನು ಮೀರಬೇಕಿಲ್ಲ ಎಂಬ ರಿಯಾಯಿತಿ ಇದೆ. ಆದರೆ ನಷ್ಟವಾಗಲಿ, ಮಾಲು ಮಾರಾಟವಾಗದೆ ಉಳಿದುದಾಗಲಿ ಅಂಥ ಕಾರಣವಲ್ಲವೆಂದು ಕಾನೂನೇ ಬಿಡಿಸಿ ಹೇಳಿದೆ. ಕೆಲಸಗಾರ ಹತ್ತು ವರ್ಷ ದುಡಿದ ಮೇಲೆ ಒಮ್ಮೆಗೇ ಬಂದೆರಗಿದಂತೆ ಕಾಣುವ ಈ ಸಾಲ ವರ್ಷವರ್ಷವೂ ಬೆಳೆದದ್ದೇ. ತಲಾ 12,000 ರೂಪಾಯಿ ಸಂಬಳದ ಹದಿನಾಲ್ಕು ಮಂದಿಗೆ ವರ್ಷಕ್ಕೆ ಪರಿಹಾರದ ಬಾಬ್ತು 84,000, ಗ್ರಾಚ್ಯುಟಿಯ ಬಾಬ್ತು ಸುಮಾರು 97,000. ದೀಪಾವಳಿಯಲ್ಲಿ ಹೊಸ ಖಾತೆಪುಸ್ತಕಕ್ಕೆ ಕುಂಕುಮ ಹಚ್ಚುವಾಗ ಅದರ ಒಂದು ಪುಟದಲ್ಲಿ ಹದಿನಾಲ್ಕು ಹೆಸರುಗಳನ್ನು ಬರೆದು, ಒಬ್ಬೊಬ್ಬರ ಮುಂದೆ ಆ ವರ್ಷದ ಮೊತ್ತವನ್ನು ನಮೂದಿಸಿ, ಸಾಧ್ಯವಾದಷ್ಟನ್ನು ಬ್ಯಾಂಕಿನಲ್ಲಿ ಬೇರೆ ಇಡಿರೆಂದು ಅವರಿಗೆ ಬರೆದಿದ್ದೇನೆ. ಗ್ರಾಚ್ಯುಟಿಗಾಗಿ ಜೀವವಿಮಾ ನಿಗಮದಲ್ಲಿ ಸಾಮೂಹಿಕ ಯೋಜನೆಯೂ ಇದೆ. ಅವರ ಉತ್ತರ ಬಂದಿದೆ: ಈ ವರ್ಷ ಮುಚ್ಚುವುದಿಲ್ಲವಂತೆ, ಪುಟವನ್ನು ಮಾತ್ರ ತೆರೆದಿದ್ದಾರಂತೆ.